ತವರಿನ ಹೆಸರು ಹಿಡಿದ ಗೋಡೆ

ಹಿರಿಯರ ಮುಂದೆ ದನಿ ಏರಿಸದವಳು; ಮುಂಜಾನೆ ವಿಭೂತಿ ಧರಿಸದೆ ಬಾಯಿಗೆ ನೀರು ಹಾಕದವಳು; ಕಿಕ್ಕಿರಿದ ಲೋಕಲ್ ರೈಲಿನಲ್ಲಿ ತಾನು ಒಂಟಿಕಾಲಿನ ಮೇಲೆ ನಿಂತಿದ್ದರೂ ಪಕ್ಕದವಳ ಕೂಸಿನ ತಲೆಗೆ ಕಂಬಿ ತಾಗದಂತೆ ಅಂಗೈ ಅಡ್ಡ ಹಿಡಿಯುವವಳು; ಚಾಳಿನ ನಲ್ಲಿಯಲ್ಲಿ ನೀರು ಸಣ್ಣದಾದಾಗ ತನ್ನ ಕೊಡವನ್ನು ಹಿಂದಕ್ಕೆ ಸರಿಸಿ ಬಸುರಿಯ ಕೊಡವನ್ನು ಮುಂದಿಡುವವಳು; ಪರರ ಕೆಲಸವನ್ನು ತನ್ನದೆಂದು ಹೇಳಿಕೊಳ್ಳದವಳು, ತನ್ನ ಕೆಲಸದ ಕೊರತೆಯನ್ನು ಪರರ ತಲೆಗೆ ಕಟ್ಟದವಳು; ಸುಮ್ಮನಿರುವುದನ್ನು ಬಲ್ಲವಳು, ಸುಮ್ಮನಿರುವುದೇ ಸುಳ್ಳಾಗುವ ಹೊತ್ತನ್ನೂ ಬಲ್ಲವಳು. ಇಂಥ ನಡೆನುಡಿಯ ಹೆಣ್ಣುಮಗಳೊಬ್ಬಳು ಮುಂಬಯಿಯ ಭಾಂಡುಪಿನಲ್ಲಿ ಸಾಲುಮನೆಗಳ ಚಾಳೊಂದರಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ, ದಿನವೂ ಬಾಂದ್ರಾದ ಕಚೇರಿಯೊಂದಕ್ಕೆ ಹೋಗಿಬರುತ್ತಾಳೆ.

ಅವಳ ಹೆಸರು ದಾನೇಶ್ವರಿ. ಕಲಬುರಗಿ ಸೀಮೆಯ ಅತನೂರಿನಿಂದ ಬಂದು ಧಾರಾವಿಯಲ್ಲಿ ನೆಲೆನಿಂತ ಗೌಂಡಿ ಶಾಂತಪ್ಪನ ಮಗಳು. ತಂದೆ ಕರಣೆ ಹಿಡಿದು ಈ ನಗರದ ಗೋಡೆಗಳನ್ನು ಎಬ್ಬಿಸಿದನು. ಮಗಳು ನಕ್ಷೆಯ ವಿದ್ಯೆಯನ್ನು ಕಲಿತು, ವಾಸ್ತುಶಿಲ್ಪಿಯಾದ ಶೀತಲ್ ಮೇಡಂ ಅವರ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಗೋಡೆಗಳನ್ನು ಎಬ್ಬಿಸತೊಡಗಿದಳು.

ಆ ಕೆಲಸದ ರೀತಿಯನ್ನು ಇಲ್ಲಿ ತುಸು ಹೇಳಬೇಕು. ಹಿಂದೆ ನಕ್ಷೆ ಎಂದರೆ ಒಂದು ಕಾಗದ, ಒಂದು ಕೈ. ಈಗ ಇಡೀ ಕಟ್ಟಡವೇ ಕಂಪ್ಯೂಟರಿನೊಳಗೆ ಒಂದು ಮೂಲ ಫೈಲಾಗಿ ನಿಂತಿರುತ್ತದೆ. ಹಲವರು ಏಕಕಾಲಕ್ಕೆ ಅದರೊಳಗೆ ಹೊಕ್ಕು ಕೆಲಸ ಮಾಡುತ್ತಾರೆ. ಒಬ್ಬರ ಕೈ ಇನ್ನೊಬ್ಬರ ಕೈಗೆ ತಾಕದಿರಲೆಂದು ಸಾಫ್ಟ್‌ವೇರ್ ಒಂದು ಕಟ್ಟಳೆಯನ್ನು ಮಾಡಿದೆ. ಯಾರಾದರೂ ಒಂದು ಗೋಡೆಯನ್ನೋ ಕೋಣೆಯನ್ನೋ ತಿದ್ದಲು ಹಿಡಿದರೆ ಅದು ಅವರ ಹೆಸರಿಗೆ ಸೇರುತ್ತದೆ. ಅವರಾಗಿ ಬಿಟ್ಟುಕೊಡುವ ತನಕ ಉಳಿದವರು ಅದನ್ನು ಕಣ್ಣಾರೆ ಕಾಣಬಹುದು, ಕೈಯಾರೆ ಮುಟ್ಟಲಾಗದು. ಇನ್ನೊಂದು ಕಟ್ಟಳೆಯೂ ಉಂಟು. ಒಂದೇ ಬಗೆಯ ಮನೆಗಳಿರುವ ಕಟ್ಟಡದಲ್ಲಿ ಮಾದರಿ ಮನೆಯೊಂದನ್ನು ರಚಿಸಿದರೆ ಸಾಕು. ಅದೇ ಮನೆ ಸಾಲುಸಾಲಾಗಿ, ಅಂತಸ್ತಿನಿಂದ ಅಂತಸ್ತಿಗೆ ತಾನೇ ತಾನಾಗಿ ನಿಲ್ಲುತ್ತದೆ. ಮಾದರಿಯಲ್ಲಿ ಕಿಟಕಿಯೊಂದು ಸರಿದರೆ ಎಲ್ಲ ಮನೆಗಳ ಕಿಟಕಿಯೂ ಸರಿಯುತ್ತದೆ.

ಭಾಂಡುಪಿನ ಹಳೆಯ ಚಾಳೊಂದನ್ನು ಕೆಡವಿ ಎತ್ತರದ ಬಿಲ್ಡಿಂಗ್ ಕಟ್ಟುವ ಕೆಲಸ ಶೀತಲ್ ಮೇಡಂ ಕಚೇರಿಗೆ ಬಂದಾಗ ಅದರ ಮಾದರಿ ಮನೆಯನ್ನು ರಚಿಸಿದವಳು ದಾನೇಶ್ವರಿ. ಆಗ ಅವಳು ಕನ್ಯೆ. ಚಾಳಿನವರಲ್ಲಿ ಬಹುಮಂದಿ ಕಲಬುರಗಿ, ವಿಜಯಪುರಗಳ ಕಡೆಯವರು. ನಕ್ಷೆ ನೋಡಲು ಅವರ ಹಿರಿಯರು ಕಚೇರಿಗೆ ಬಂದ ದಿನ, ಅವರೊಡನೆ ಮಲ್ಲಕ್ಕ ಎಂಬ ವಿಧವೆಯೂ ಅವಳ ಮಗ ಯಲ್ಲಾಲಿಂಗನೂ ಬಂದಿದ್ದರು. ಯಲ್ಲಾಲಿಂಗ ಫ್ರಿಜ್ಜು, ಏಸಿಗಳನ್ನು ದುರಸ್ತಿ ಮಾಡುವವನು. ಮೇಡಂ ಹಿಂದಿಯಲ್ಲಿ ಲಿಫ್ಟು, ಪಾರ್ಕಿಂಗುಗಳನ್ನು ವರ್ಣಿಸುತ್ತಿದ್ದಾಗ ಮಲ್ಲಕ್ಕ ಮೆಲ್ಲಗೆ ದಾನೇಶ್ವರಿಯ ಬಳಿ ಸರಿದಳು.

“ಯವ್ವಾ, ಅವರ ಲಿಫ್ಟ್ ಇರ್ಲಿ. ದೇವ್ರ ಜಗಲಿ ಎಲ್ಲಿ ಅದ, ಅದಿಷ್ಟ ಹೇಳು.”

ಗೋಡೆಯಲ್ಲಿ ಗೂಡು ಬಿಟ್ಟು, ಅದರ ಕೆಳಗೆ ಕಟ್ಟೆ ಕಟ್ಟಿ ಮನೆದೇವರನ್ನು ಪೂರ್ವಕ್ಕೆ ಮುಖಮಾಡಿ ಕೂರಿಸುವ ಸ್ಥಳವೇ ಆ ಜನ ಜಗಲಿ ಎನ್ನುವುದು. ದಾನೇಶ್ವರಿ ಅದನ್ನು ಮರೆತಿರಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

“ಯಾವೂರ ನಿಂದು?” ಎಂದಳು ಮಲ್ಲಕ್ಕ.

“ಅತನೂರ್ರಿ, ಅಫಜಲಪುರ ತಾಲೂಕ.”

“ಅಯ್ಯ, ನಮ್ಮದು ನೀಲೂರ. ಬಾಜೂಕಿನವರೇ ಆದ್ರಿ ಬಿಡು. ಮತ್ತ, ಲಗ್ನ ಆಗ್ಯಾದನು?”

ಅತ್ತ ಯಲ್ಲಾಲಿಂಗ ಕಚೇರಿಯ ಏಸಿಯನ್ನೇ ದಿಟ್ಟಿಸತೊಡಗಿದನು. ಹೀಗೆ ನಕ್ಷೆ ನೋಡಲು ಬಂದವರು ಕನ್ಯೆ ನೋಡಿಕೊಂಡು ಹೋದರು. ಮದುವೆಯೂ ನಿಶ್ಚಯವಾಯಿತು.

ರಜೆಯ ಮೇಲೆ ಹೊರಡುವ ದಿನ ಅವಳು ಮಾದರಿ ಮನೆಯ ಅಡುಗೆಕಟ್ಟೆಯನ್ನು ತುಸು ಸರಿಸಲೆಂದು ಆ ಮನೆಯನ್ನು ತನ್ನ ಹೆಸರಿಗೆ ಹಿಡಿದಿದ್ದಳು. ಅಷ್ಟರಲ್ಲಿ ಧಾರಾವಿಯಿಂದ ತಾಯಿ ಭಾಗವ್ವನ ಫೋನುಗಳು ಬರತೊಡಗಿದವು: ಬಳೆಗಾರ ಬಂದು ಕುಳಿತಿದ್ದಾನೆ, ಮುತ್ತೈದೆಯರು ನೆರೆದಿದ್ದಾರೆ, ಮದುಮಗಳೇ ಇಲ್ಲದೆ ಯಾರ ಕೈಗೆ ಹಸಿರು ಬಳೆ ತೊಡಿಸುವುದು. ಅವಳು ಕಂಪ್ಯೂಟರನ್ನು ಹಾಗೆಯೇ ಮುಚ್ಚಿ ಎದ್ದಳು. ಹಿಡಿದ ಮನೆಯನ್ನು ಬಿಟ್ಟುಕೊಡಲಿಲ್ಲ.

ಮುಂಬಯಿಯ ರೂಢಿಯಲ್ಲಿ ಹೆಣ್ಣಿನ ಹೆಸರಿನ ನಡುವೆ ಮೊದಲು ತಂದೆಯ ಹೆಸರಿರುತ್ತದೆ, ಮದುವೆಯಾದ ಮೇಲೆ ಆ ಸ್ಥಾನಕ್ಕೆ ಗಂಡನ ಹೆಸರು ಬರುತ್ತದೆ. ಇಲ್ಲಿಗೆ ಬಂದ ನಮ್ಮವರೂ ಅದನ್ನೇ ಅನುಸರಿಸಿದ್ದಾರೆ. ದಾನೇಶ್ವರಿ ಶಾಂತಪ್ಪ ಅತನೂರ ಎಂಬವಳು ದಾನೇಶ್ವರಿ ಯಲ್ಲಾಲಿಂಗ ನೀಲೂರ ಆದಳು. ಆಧಾರ್ ಬದಲಾಯಿತು, ಬ್ಯಾಂಕು ಬದಲಾಯಿತು. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಉಡುಪಿ ಕಡೆಯ ಸುಕೇಶನು ಒಬ್ಬರಿಗೆ ಒಂದೇ ಖಾತೆಯೆಂಬ ನಿಯಮದಂತೆ ಹಳೆಯದನ್ನು ಅಳಿಸಿ ಹೊಸ ಹೆಸರಿನ ಖಾತೆಯನ್ನು ಮಾಡಿಕೊಟ್ಟನು. ಪ್ರತಿ ಮುಂಜಾನೆ ಕಂಪ್ಯೂಟರ್ ತೆರೆಯಲು ಗಂಡನ ಹೆಸರನ್ನೂ ಒತ್ತಬೇಕೆಂದು ಕೇಳಿ ಮಲ್ಲಕ್ಕ ನಕ್ಕಿದ್ದಳು.

“ನಾವು ಒಡಪಿನ ಪದಾ ಹಾಕದೇ ಗಂಡನ ಹೆಸರ ಹೇಳ್ತಿದ್ದಿಲ್ಲ. ಇಕಿ ನೋಡು, ದಿನಾ ಪುಗಸಟ್ಟೆ ಹೇಳ್ತಾಳ.”

ಮಾದರಿ ಮನೆಯ ಗೊಡವೆಗೆ ಬಹುಕಾಲ ಯಾರೂ ಹೋಗಲಿಲ್ಲ. ಉಳಿದವರು ಕಂಬ, ಮೆಟ್ಟಿಲು, ನೀರಿನ ಕೊಳವೆಗಳಲ್ಲಿ ಮಗ್ನರಾಗಿದ್ದರು. ಕೊನೆಗೆ ನಕ್ಷೆ ಸಿದ್ಧವಾಯಿತು. ಬರುವ ಭಾನುವಾರ ಚಾಳಿನ ಅಂಗಳದಲ್ಲಿ ಸಭೆ. ಅಲ್ಲಿ ಎಲ್ಲ ಮನೆಯವರೂ ಒಪ್ಪಿ ಸಹಿ ಮಾಡಿದರೆ ಅದು ನಗರಪಾಲಿಕೆಗೆ ಹೋಗುವುದು, ಅದರಂತೆಯೇ ಕಟ್ಟಡ ಏಳುವುದು.

ಆ ವಾರದ ಒಂದು ಸಂಜೆ ದಾನೇಶ್ವರಿ ಒಂದು ಅಂತಸ್ತಿನ ನಕ್ಷೆಯ ಪ್ರತಿಯನ್ನು ಮನೆಗೆ ತಂದು ಅತ್ತೆಯ ಮುಂದೆ ಹರಡಿದಳು. ಮಲ್ಲಕ್ಕನ ಕಣ್ಣು ತುಂಬಿಬಂತು.

“ನಮ್ಮ ಮನಿ ಯಾವುದು ಇದರಾಗ?”

“ಇದು ನೋಡ್ರಿ ಅತ್ತಿ. ಇದು ಬಾಗಲಾ, ಇದು ಅಡಗಿಮನಿ. ಇದು ಜಗಲಿ.”

ಬೆರಳು ಜಗಲಿಯ ಮೇಲೆ ನಿಂತಿತು, ಅಲ್ಲಿಂದ ಏಳಲಿಲ್ಲ. ಮನೆಯೊಂದನ್ನೇ ನೋಡಿದಾಗ ಜಗಲಿ ಸರಿಯಾದ ಗೋಡೆಯಲ್ಲಿಯೇ ಇತ್ತು. ಮನೆಗಳು ಸಾಲಾಗಿ ನಿಂತಾಗ ಮಾತ್ರ ಆ ಗೋಡೆಯ ಆಚೆ ನೆರೆಮನೆಯ ಶೌಚಾಲಯ ಬಂದು ಕೂತಿತ್ತು. ಗೂಡು ಕೊರೆದು ತೆಳುವಾದ ಆ ಗೋಡೆಯ ಈ ಬದಿಗೆ ದೇವರು, ಆ ಬದಿಗೆ ಸಂಡಾಸು. ಮಾದರಿ ಒಂದೇ ಆದ್ದರಿಂದ ಒಂದು ಮನೆಯಲ್ಲಲ್ಲ, ಎಲ್ಲರ ಮನೆಯಲ್ಲಿಯೂ ಹೀಗೆಯೇ.

“ಛಂದ ಆಗ್ಯಾದ,” ಎಂದಳು ಮಲ್ಲಕ್ಕ. “ಇಲ್ಲಿ ತಗಡಿನ ಬುಡಕ ಕುಂತು ದೇವ್ರಿಗೂ ಸಾಕಾಗ್ಯಾದ.”

ದಾನೇಶ್ವರಿ ನಕ್ಷೆಯನ್ನು ಸುತ್ತಿ ಮೂಲೆಯಲ್ಲಿಟ್ಟಳು. ನಾಳೆ ಕಚೇರಿಗೆ ಹೋಗಿ ಜಗಲಿಯನ್ನು ಅಡುಗೆಮನೆಯ ಮಗ್ಗುಲಿನ ಗೋಡೆಗೆ ಸರಿಸಿದರಾಯಿತು. ಮುಖ ಪೂರ್ವಕ್ಕೆ ಹಾಗೆಯೇ ಉಳಿಯುತ್ತದೆ. ಹೇಳುವ ಪ್ರಸಂಗವೇ ಬಾರದು ಎಂದುಕೊಂಡಳು.

ಮರುದಿನ ಮಾದರಿ ಮನೆಯನ್ನು ತೆರೆದು ಜಗಲಿಯ ಮೇಲೆ ಕೈಯಿಟ್ಟ ಕೂಡಲೇ ಪರದೆಯ ನಡುವೆ ಒಂದು ಚೌಕ ಮೂಡಿತು. ಈ ಭಾಗವು ದಾನೇಶ್ವರಿ ಶಾಂತಪ್ಪ ಅತನೂರ ಅವರ ಹಿಡಿತದಲ್ಲಿದೆ. ಅವರು ಬಿಟ್ಟುಕೊಡುವವರೆಗೆ ನೀವು ತಿದ್ದುವಂತಿಲ್ಲ, ಎಂಬುದು ಅದರ ಸಾರ. ಅವಳು ಚೌಕವನ್ನು ಮುಚ್ಚಿ ಮತ್ತೆ ಮುಟ್ಟಿದಳು. ಅದು ಮತ್ತೆ ಮೂಡಿತು. ಮನೆಯ ಒಂದು ನಕಲು ಮಾಡಿ, ಹಳೆಯ ಮನೆಗಳ ಜಾಗದಲ್ಲಿ ಅದನ್ನು ಕೂರಿಸಲು ನೋಡಿದಳು. ನಿಂತಿದ್ದ ಒಂದೊಂದು ಮನೆಯೂ ಅದೇ ಹಿಡಿತದಲ್ಲಿತ್ತು. ಗೋಡೆ ಕದಲಲಿಲ್ಲ, ಬಾಗಿಲು ಕದಲಲಿಲ್ಲ. ತಾನು ಕಟ್ಟಿದ ಮನೆಯ ಹೊರಗೆ ತಾನೇ ನಿಂತು ಕದ ತಟ್ಟಿದಂತಾಯಿತು; ಒಳಗಿದ್ದವಳೂ ತಾನೇ.

ಅವಳು ಸುಕೇಶನನ್ನು ಕರೆದಳು. ಅವನು ಚಹಾದ ಲೋಟ ಹಿಡಿದುಕೊಂಡೇ ಬಂದು ಬಾಗಿ ನೋಡಿದನು.

“ಎಂತ ಮಾರಾಯ್ತಿ ಇದು? ನೀನೇ ಹಿಡ್ಕೊಂಡದ್ದಲ್ವಾ?”

“ಹೌದು ಸುಕೇಶಣ್ಣ, ನಾನೇ. ಈಗ ಬಿಡ್ತೀನಂದ್ರೂ ಯಾಕ ಕೇಳವಲ್ದು?”

“ಹೇಗೆ ಕೇಳ್ತದೆ? ಅದರ ಲೆಕ್ಕದಲ್ಲಿ ನೀನು ನೀನಲ್ಲ. ಆ ಹುಡುಗಿ ಬೇರೆ, ಈ ಹೆಂಗಸು ಬೇರೆ.”

“ಹಳೇ ಹೆಸರ ತಿರುಗಿ ಕೊಡ್ಲಿಕ್ಕೆ ಬರೂದಿಲ್ಲೇನು?”

“ಅಳಿಸಿದ್ದು ನಾನೇ ಅಲ್ವಾ. ಇರು, ಅದೇ ಹೆಸರಲ್ಲಿ ಹೊಸ ಖಾತೆ ಮಾಡಿ ನೋಡುವ.”

ಅವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಅವಳ ತವರಿನ ಹೆಸರನ್ನು ಮತ್ತೆ ಬರೆದನು. ಕಂಪ್ಯೂಟರ್ ಅವಳನ್ನು ಹಳೆಯ ಹೆಸರಿನಿಂದಲೇ ಒಳಗೆ ಕರೆದುಕೊಂಡಿತು. ಅವಳ ಎದೆ ಹಗುರಾಯಿತು. ಜಗಲಿಯನ್ನು ಮುಟ್ಟಿದಳು. ಈ ಭಾಗವು ದಾನೇಶ್ವರಿ ಶಾಂತಪ್ಪ ಅತನೂರ ಅವರ ಹಿಡಿತದಲ್ಲಿದೆ ಎಂದು ದಾನೇಶ್ವರಿ ಶಾಂತಪ್ಪ ಅತನೂರಳಿಗೇ ಅದು ಹೇಳಿತು. ಸಾಫ್ಟ್‌ವೇರ್ ಮನುಷ್ಯರನ್ನು ಹೆಸರಿನಿಂದ ಗುರುತಿಸುವುದಿಲ್ಲ. ಪ್ರತಿ ಖಾತೆಗೂ ಒಳಗೊಂದು ಗುಪ್ತ ಗುರುತನ್ನು ಕೊಟ್ಟಿರುತ್ತದೆ. ಹೆಸರು ಮರಳಿತು, ಗುರುತು ಮರಳಲಿಲ್ಲ.

ಸುಕೇಶ ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನು ಹಚ್ಚಿದನು. ಆ ಕಡೆಯ ದನಿ ಬಹಳ ವಿನಯದಿಂದ, ಹಿಡಿದವರೇ ಬಿಡಬೇಕು ಎಂದಿತು. ಹಿಡಿದವಳು ಇಲ್ಲಿಯೇ ಇದ್ದಾಳೆ ಎಂದರೆ, ಆ ಹೆಸರಿನ ಗುರುತಿನ ಚೀಟಿಯನ್ನು ಕಳಿಸಿ ಎಂದಿತು. ಅವಳ ಬಳಿ ಇದ್ದ ಚೀಟಿಗಳೆಲ್ಲ ಈಗ ಗಂಡನ ಹೆಸರಿನವು.

“ಇನ್ನು ಒಂದೇ ದಾರಿ,” ಎಂದನು ಸುಕೇಶ. “ಮೂಲ ಫೈಲನ್ನೇ ಕಡಿದು ಬೇರೆ ಮಾಡ್ಬೇಕು. ಹೊಸದರಲ್ಲಿ ಯಾರ ಹಿಡಿತವೂ ಇರುವುದಿಲ್ಲ. ಆದರೆ ಕಂಬದವರು, ನೀರಿನವರು, ಕರೆಂಟಿನವರು, ಎಲ್ಲ ಹಳೇ ಫೈಲಿಗೆ ಜೋತು ಬಿದ್ದಿದ್ದಾರೆ. ಅಷ್ಟನ್ನೂ ಬಿಚ್ಚಿ ಮತ್ತೆ ಕಟ್ಲಿಕ್ಕುಂಟು. ಮೇಡಂ ಒಪ್ಪಿದರೆ ನನ್ನ ಹೆಸರು ಬದಲು ಮಾಡು.”

ಮೇಡಂ ಒಪ್ಪಲಿಲ್ಲ. ಅವರು ಕ್ರೂರಿಗಳಲ್ಲ, ಆದರೆ ಹಿಂದೆ ಒಮ್ಮೆ ಫೈಲನ್ನು ಕಡಿದು, ಕಂಬಗಳೆಲ್ಲ ಗೋಡೆಗಳಿಂದ ಕಳಚಿಬಿದ್ದು, ವಾರಗಟ್ಟಲೆ ಪಟ್ಟ ಪಾಡು ಅವರ ನೆನಪಿನಲ್ಲಿತ್ತು.

“ಅರೇ ದಾನೇಶ್ವರಿ, ಇಷ್ಟಕ್ಕೆ ಟೆನ್ಶನ್ ಯಾಕೆ?” ಎಂದರು ಹಿಂದಿಯಲ್ಲಿ. “ಪ್ರಿಂಟ್ ಹೋಗುವ ಹಾಳೆಯ ಮೇಲೆ ಬಿಳಿ ಚೌಕ ಮುಚ್ಚಿ ಹಳೇ ಜಗಲಿ ಕಾಣದ ಹಾಗೆ ಮಾಡು. ಅಡುಗೆಮನೆ ಮಗ್ಗುಲಿನ ಗೋಡೆಯ ಮೇಲೆ ಗೆರೆ ಎಳೆದು ಹೊಸ ಜಗಲಿ ತೋರಿಸು. ಸಭೆ ಮುಗಿಯಲಿ. ಆಮೇಲೆ ನೋಡೋಣ.”

“ಮೇಡಂ, ಒಳಗಿನ ಫೈಲಲ್ಲಿ ಹಂಗೇ ಉಳೀತದಲ್ಲ. ಕಟ್ಟೋರು ಅದನ್ನೇ ನೋಡಿ ಕಟ್ತಾರ.”

“ಆಮೇಲೆ ಅಂದೆನಲ್ಲ.”

ಆ ಕಚೇರಿಯಲ್ಲಿ ಆಮೇಲೆ ಎಂಬ ಮಾತಿನ ಗತಿಯನ್ನು ದಾನೇಶ್ವರಿ ಬಲ್ಲಳು. ಒಪ್ಪಿಗೆಯಾದ ನಕ್ಷೆಯನ್ನು ಯಾರೂ ಮುಟ್ಟುವುದಿಲ್ಲ. ಆದರೂ ಅವಳು ಹೇಳಿದಂತೆ ಮಾಡಿದಳು. ಬಿಳಿಯ ಚೌಕ ಹಳೆಯ ಜಗಲಿಯನ್ನು ನುಂಗಿತು; ನಾಲ್ಕು ಗೆರೆಗಳಿಂದ ಹೊಸ ಜಗಲಿ ಅಡುಗೆಮನೆಯ ಮಗ್ಗುಲಿನಲ್ಲಿ ಮೂಡಿತು. ಅವಳ ಕೈ ಎಷ್ಟು ಪಳಗಿತ್ತೆಂದರೆ ಹಾಳೆಯ ಮೇಲೆ ಸುಳ್ಳಿನ ಗುರುತೂ ಉಳಿಯಲಿಲ್ಲ. ಬಾಂದ್ರಾದಿಂದ ಮರಳುವಾಗ ಗಾಡಿಯಲ್ಲಿ ಜಾಗ ಸಿಕ್ಕರೂ ಅವಳು ಕೂರಲಿಲ್ಲ. ಕೂತರೆ ಎದುರಿನವರು ಮಾತಾಡಿಸುವರೆಂದು ಬಾಗಿಲ ಕಂಬಿ ಹಿಡಿದು ನಿಂತಳು. ಹೇಳಿದರೆ ಕಚೇರಿಯ ಅನ್ನಕ್ಕೆ ಎರಡು ಬಗೆದಂತೆ. ಹೇಳದಿದ್ದರೆ ಮನೆಯ ದೇವರಿಗೆ. ಎರಡು ಗೋಡೆಗಳ ನಡುವೆ ಅವಳಿಗೆ ತಿರುಗಲು ಜಾಗವಿರಲಿಲ್ಲ.

ಭಾನುವಾರ ಚಾಳಿನ ಅಂಗಳದಲ್ಲಿ ಚಾಪೆಗಳನ್ನು ಹಾಸಿದರು. ನಕ್ಷೆಯನ್ನು ಗೋಡೆಗೆ ಅಂಟಿಸಿದರು. ಶೀತಲ್ ಮೇಡಂ ಕುರ್ಚಿಯಲ್ಲಿ ಕುಳಿತಿದ್ದರು. ಚಾಳಿನ ಸಮಿತಿಯ ಹಿರಿಯನಾದ ಅಣವೀರಪ್ಪನು ತಲೆಯ ಮೇಲಿನ ಪಟಗ ಸರಿಪಡಿಸಿಕೊಂಡು ಎದ್ದನು.

“ಮೇಡಂ ಅವರ ಹಿಂದಿ ನಮಗ ಅರ್ಧಾ ತಿಳೀತದ, ಅರ್ಧಾ ತಿಳದಂಗ ಮಾಡತೀವಿ. ನಮ್ಮ ಸೊಸಿನೇ ಹೇಳ್ಲಿ. ಅಕಿ ಹೂಂ ಅಂದ್ರ ನಾವು ಸಹಿ ಹಾಕತೀವಿ.”

ಜನ ನಕ್ಕಿತು. ಮಲ್ಲಕ್ಕ ಸೆರಗು ಸರಿಮಾಡಿಕೊಂಡು ಸುತ್ತಲೂ ನೋಡಿದಳು. ದಾನೇಶ್ವರಿ ನಕ್ಷೆಯ ಬಳಿ ಬಂದು ನಿಂತಳು. ಬಾಗಿಲು, ಅಡುಗೆಮನೆ, ಕಿಟಕಿಗಳನ್ನು ಹೇಳಿದಳು. ಜಗಲಿಯ ಬಳಿ ಬಂದಾಗ ಅವಳ ದನಿ ನಿಂತಿತು.

“ಯಾಕವ್ವ?” ಎಂದನು ಅಣವೀರಪ್ಪ.

“ಮಾವಾರ, ಇಲ್ಲಿ ಜಗಲಿ ಕಾಣಸ್ತದ. ಆದ್ರ ಕಟ್ಟೋವಾಗ ಇಲ್ಲಿ ಬರೂದಿಲ್ಲ. ಈ ಗೋಡಿಗೆ ಬರ್ತದ,” ಎಂದು ಅವಳು ಬಿಳಿಯ ಜಾಗದ ಮೇಲೆ ಬೆರಳಿಟ್ಟಳು. “ಇದರ ಹಿಂದ ಬಾಜೂ ಮನಿ ಸಂಡಾಸ ಅದ. ಎಲ್ಲಾರ ಮನ್ಯಾಗೂ ಹಂಗೇ ಅದ. ಇದನ್ನ ಮುಚ್ಚಿ ತೋರಿಸಿದಾಕಿ ನಾನೇ.”

ಮುಂದೆ ಕೂತವರು ಎದ್ದು ಬಂದು ಆ ಬಿಳಿಯ ಜಾಗವನ್ನು ಬಗ್ಗಿ ನೋಡಿದರು.

“ಅಂದ್ರ ಕಾಗದದಾಗ ಒಂದು, ಕಟ್ಟೂದು ಒಂದು?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಸೊಸಿ ನಮ್ಮಕಿ, ಕೈ ಮಾತ್ರ ಬಾಂದ್ರಾದ್ದು,” ಎಂದು ಇನ್ನೊಬ್ಬಳು ಚುಚ್ಚಿದಳು.

ಅವಳು ನಡೆದುದನ್ನು ತಿಳಿಯಾಗಿ ಹೇಳಿದಳು: ತಾನು ಹಿಡಿದು ಬಿಡದೆ ಬಂದುದು, ಹೆಸರು ಬದಲಾದುದು, ಈಗ ಆ ಹೆಸರಿನ ಹಿಡಿತ ತನಗೂ ಸಡಿಲವಾಗದುದು. ಯಂತ್ರದ ಮಾತು ಕೆಲವರಿಗೆ ತಿಳಿಯಿತು, ಹಲವರಿಗೆ ತಿಳಿಯಲಿಲ್ಲ. ಮಲ್ಲಕ್ಕ ಎದ್ದು ನಿಂತಳು. ಅವಳ ಮುಖದಲ್ಲಿ ಸಿಟ್ಟಿತ್ತು. ಅದು ಯಾರ ಮೇಲಿನದೆಂದು ಯಾರಿಗೂ ತಿಳಿಯಲಿಲ್ಲ.

“ದೇವ್ರ ಬೆನ್ನಿಗೆ ಸಂಡಾಸ ಇಟ್ಟು ನಾ ಯಾ ಕೈಲೆ ದೀಪಾ ಹಚ್ಚಲಿ? ನಾ ಸಹಿ ಹಾಕಾಂಗಿಲ್ಲ. ಖರೇ ಜಗಲಿ ಸರದ ಮ್ಯಾಲ ಬರ್ರಿ.”

ಮಲ್ಲಕ್ಕ ಹಾಕದ ಸಹಿಯನ್ನು ಬೇರೆ ಯಾರೂ ಹಾಕಲಿಲ್ಲ. ಶೀತಲ್ ಮೇಡಂ ನಕ್ಷೆಯನ್ನು ಸುತ್ತಿಸಿಕೊಂಡು, ದಾನೇಶ್ವರಿಯ ಕಡೆಗೆ ನೋಡದೆ ಕಾರು ಹತ್ತಿದರು.

ಮನೆಯಲ್ಲಿ ಯಲ್ಲಾಲಿಂಗ ಬಹಳ ಹೊತ್ತು ಸ್ಕ್ರೂಡ್ರೈವರನ್ನು ಒರೆಸುತ್ತ ಕುಳಿತಿದ್ದನು.

“ಮನ್ಯಾಗ ಒಂದು ಮಾತು ಹೇಳಬೇಕಿತ್ತಿಲ್ಲೋ,” ಎಂದನು.

“ಹೇಳಬೇಕಿತ್ರಿ. ಸರಿ ಮಾಡೇ ಹೇಳ್ಬೇಕಂದಿದ್ದೆ.”

“ನೌಕರಿ ಹೋದ್ರ?”

ಅದಕ್ಕೆ ಉತ್ತರವನ್ನು ಒಳಗಿನಿಂದ ಮಲ್ಲಕ್ಕನೇ ಕೊಟ್ಟಳು: “ಹೋದ್ರ ಹೋಗ್ಲಿ, ನೀ ಗಳಸ್ತಿ ಇಲ್ಲೊ. ಆಕಿಗೆ ಮೊದ್ಲ ಉಣ್ಣಾಕ ಹಾಕು.”

ನೌಕರಿ ಹೋಗಲಿಲ್ಲ. ಸಹಿಗಳಿಲ್ಲದೆ ಕೆಲಸ ಮುಂದೆ ಸಾಗದೆಂದು ಕಂಡಾಗ ಮೇಡಂ ಫೈಲನ್ನು ಕಡಿಯಲು ಒಪ್ಪಿದರು. ಬಿಚ್ಚಿದ್ದನ್ನೆಲ್ಲ ಮತ್ತೆ ಕಟ್ಟುವ ಕೆಲಸವನ್ನು ದಾನೇಶ್ವರಿಯ ತಲೆಗೇ ಹಾಕಿದರು. ಅವರು ಅವಳೊಡನೆ ಆಡುವ ಮಾತು ಕೆಲಸದಷ್ಟಕ್ಕೆ ಇಳಿಯಿತು. ಸುಕೇಶ, “ನನ್ನ ಹೆಸರು ಎಂತ ಇಡ್ತಿ ಹೇಳು,” ಎಂದು ಕೇಳಿ ಫೈಲನ್ನು ಕಡಿದುಕೊಟ್ಟನು. ಆಮೇಲೆ ಕಂಬಗಳು ಗೋಡೆ ಬಿಟ್ಟು ಹೊರಗೆ ನಿಂತವು. ಕೊಳವೆಗಳು ಗಾಳಿಯಲ್ಲಿ ತೇಲಿದವು. ಒಂದನ್ನು ಕಟ್ಟಿದರೆ ಇನ್ನೊಂದು ಕಳಚಿತು. ಕೊಳವೆಯವರು ಕಳಿಸಿದ ಫೈಲು ಹೊಸ ಆವೃತ್ತಿಯದೆಂದು ಇವರ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಅದನ್ನು ಹಳೆಯದಕ್ಕೆ ಇಳಿಸಿ ಮತ್ತೆ ಕಳಿಸುವವರೆಗೆ ಅವಳು ಖಾಲಿ ಪರದೆಯನ್ನು ನೋಡುತ್ತ ಕುಳಿತಳು. ಅಷ್ಟರಲ್ಲಿ ಮಳೆಗಾಲ ಇಳಿಯಿತು. ಚಾಳಿನ ತಗಡುಗಳು ಸೋರಿದವು. ನಲ್ಲಿಯ ಬಳಿ ಹೆಂಗಸರು ಅವಳಿಗೆ ಕೇಳುವಂತೆ, “ನಮ್ಮ ಸೊಸಿ ಖರೇ ಹೇಳಿದ್ದಕ್ಕ ಈ ವರ್ಷಾನೂ ಬಕೀಟ ಇಟಗೊಂಡ ಮಲಗೂದಾತು,” ಎಂದು ಆಡಿಕೊಂಡರು. ಅವಳು ತನ್ನ ಕೊಡವನ್ನು ಹಿಂದಕ್ಕೆ ಸರಿಸಿ ಸುಮ್ಮನೆ ನಿಂತಳು.

ಕಟ್ಟುವಷ್ಟನ್ನು ಕಟ್ಟಿಯಾದ ದಿನ ಅವಳು ಹೊಸ ಫೈಲಿನಲ್ಲಿ ಮಾದರಿ ಮನೆಯನ್ನು ತೆರೆದಳು. ಜಗಲಿಯನ್ನು ಮುಟ್ಟಿದಳು. ಯಾವ ಚೌಕವೂ ಮೂಡಲಿಲ್ಲ. ಅಡುಗೆಮನೆಯ ಮಗ್ಗುಲಿಗೆ ಅದನ್ನು ಸರಿಸಿದಳು. ಆ ಒಂದು ಗಳಿಗೆಯಲ್ಲಿ ಅಣವೀರಪ್ಪನ ಮನೆಯ ದೇವರೂ, ಚುಚ್ಚಿ ಮಾತಾಡಿದವಳ ಮನೆಯ ದೇವರೂ, ಎಲ್ಲ ಅಂತಸ್ತುಗಳ ಎಲ್ಲ ದೇವರುಗಳೂ ಒಟ್ಟಿಗೆ ಎದ್ದು ಶುಚಿಯಾದ ಗೋಡೆಗೆ ಬಂದು ಕುಳಿತರು. ಅವಳು ಕೈಬಿಟ್ಟಳು. ಈ ಸಲ ಮನೆಯನ್ನು ಬಿಟ್ಟುಕೊಡುವುದನ್ನು ಮರೆಯಲಿಲ್ಲ.

ಸಹಿಗಳಾದವು. ನಕ್ಷೆ ನಗರಪಾಲಿಕೆಗೆ ಹೋಗಿದೆ. ಅಲ್ಲಿಂದ ಇನ್ನೂ ಮರಳಿಲ್ಲ. ಚಾಳು ಇದ್ದಲ್ಲಿಯೇ ಇದೆ, ತಗಡಿನ ಕೆಳಗಿನ ದೇವರೂ ಇದ್ದಲ್ಲಿಯೇ ಇದ್ದಾನೆ. ಕಚೇರಿಯ ಸರ್ವರಿನಲ್ಲಿ ಹಳೆಯ ಫೈಲೂ ಉಳಿದಿದೆ. ಅಳಿಸಲು ಯಾರಿಗೂ ಧೈರ್ಯವಿಲ್ಲ. ಒಮ್ಮೊಮ್ಮೆ ಊಟದ ಬಿಡುವಿನಲ್ಲಿ ದಾನೇಶ್ವರಿ ಅದನ್ನು ತೆರೆಯುತ್ತಾಳೆ. ಆ ಮನೆಯ ಗೋಡೆಯನ್ನು ಮುಟ್ಟಿದರೆ ಚೌಕ ಮೂಡಿ, ಇದು ದಾನೇಶ್ವರಿ ಶಾಂತಪ್ಪ ಅತನೂರಳ ಹಿಡಿತದಲ್ಲಿದೆ ಎಂದು ಈಗಲೂ ಹೇಳುತ್ತದೆ. ಈಗ ತಾನು ಬೇರೆಲ್ಲಿಯೂ ಬರೆಯದ ಆ ಹೆಸರನ್ನು ಒಮ್ಮೆ ಓದಿಕೊಂಡು ಅವಳು ಫೈಲನ್ನು ಮುಚ್ಚುತ್ತಾಳೆ.

ಎಲ್ಲ ಗೋಡೆಗಳ ಈಚೆಗೂ ಆಚೆಗೂ ಇರುವ ಪರಶಿವನು ಈ ಮಗಳನ್ನು ಕಾಯಲಿ. ಮಲ್ಲಕ್ಕನ ಕೈ ನಡುಗುವ ಮುನ್ನ ಹೊಸ ಜಗಲಿಯಲ್ಲಿ ಅವಳ ದೀಪ ಉರಿಯಲಿ. ಯಲ್ಲಾಲಿಂಗನ ಕಸುಬು ಬೇಸಗೆಯಲ್ಲಿಯೂ ಮಳೆಯಲ್ಲಿಯೂ ನಡೆಯಲಿ; ಅವರ ಸೂರು ಸೋರದಿರಲಿ, ಅವರ ನೆರೆ ಮುನಿಯದಿರಲಿ. ಧಾರಾವಿಯಲ್ಲಿ ಶಾಂತಪ್ಪ, ಭಾಗವ್ವರ ಮುಪ್ಪು ತಂಪಾಗಿರಲಿ. ಆ ಮನೆಯಲ್ಲಿ ಮುಂದೆ ಹೆಣ್ಣು ಕೂಸು ಹುಟ್ಟಿದರೆ, ಅದು ಎಷ್ಟು ಹೆಸರುಗಳನ್ನು ಹೊತ್ತರೂ ಎಲ್ಲ ಬಾಗಿಲುಗಳೂ ಅದರ ಗುರುತು ಹಿಡಿದು ತೆರೆಯಲಿ.